ಅಕ್ಕನ ಮದುವೆ ಮತ್ತು ಅನುವಾದದ ರಾಜಕುಮಾರಿಯರು

ಅಕ್ಕನ ಮದುವೆ ನಮ್ಮ ಮನೆಯಲ್ಲೇ ನಡೆಯಿತು. ನಾನು ನೋಡಲಿಲ್ಲ. ಮದುವೆಯಾಗದವರು ಅಂಥ ಮದುವೆ ನೋಡಬಾರದೆಂದು ನನ್ನನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸಿದ್ದರು. ಕೈಯಲ್ಲಿ ಒಂದು ಕಾದಂಬರಿ ಇತ್ತು, ಯಾವುದೋ ದೂರದ ದೇಶದ ಭಾಷೆಯಿಂದ ಕನ್ನಡಕ್ಕೆ ಬಂದದ್ದು. ಅದರಲ್ಲಿ ಒಬ್ಬಳು ರಾಜಕುಮಾರಿ, ಅವಳನ್ನು ಹುಡುಕುತ್ತಾ ಹಿಮದ ಬೆಟ್ಟಗಳನ್ನು ದಾಟಿ ಬರುವ ಒಬ್ಬ ಬೇಟೆಗಾರ. ಅಕ್ಕ ತೀರಿಹೋಗಿ ಆಗ ಹದಿನೆಂಟು ವರ್ಷವಾಗಿತ್ತು. ಮದುಮಗ ತೀರಿಹೋಗಿ ಅದಕ್ಕಿಂತಲೂ ಹೆಚ್ಚು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವಾಗ ಅವರ ಹುಬ್ಬು ಮೇಲೇರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಮದುವೆಯಾಗದೆ ಸತ್ತವರು ಸತ್ತ ಮೇಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆಯ ಆಸೆ ಅವರಿಗೂ ಉಂಟು ಎಂಬುದು ನಮ್ಮಲ್ಲಿಯ ನಂಬಿಕೆ. ಸತ್ತು ಹಾಗೆ ಉಳಿದವರನ್ನು ತುಳುವಿನಲ್ಲಿ ಕುಲೆ ಎನ್ನುತ್ತೇವೆ. ಎರಡು ಮನೆಯವರು ಮಾತಾಡಿಕೊಂಡು ತಮ್ಮ ತಮ್ಮ ಕುಲೆಗಳಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ಬದುಕಿರುವವರ ಮದುವೆ ಆ ತಿಂಗಳಲ್ಲಿ ಇಲ್ಲ. ಬಿ.ಸಿ. ರೋಡಿನ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ನನಗೆ ಕೆಲಸ, ವರ್ಷವಿಡೀ ಮದುವೆ ಕಾಗದ ಟೈಪ್ ಮಾಡುವುದು. ಆಟಿಯಲ್ಲಿ ಮಾತ್ರ ಕೈ ಖಾಲಿ. ಕುಲೆಗಳ ಮದುವೆಗೆ ಯಾರೂ ಕಾಗದ ಹೊಡೆಸುವುದಿಲ್ಲ, ಫೋನಿನಲ್ಲೇ ಹೇಳಿ ಮುಗಿಸುತ್ತಾರೆ.

ಈ ಕಾದಂಬರಿಗಳ ಹುಚ್ಚು ಹಿಡಿಸಿದವಳು ಅಕ್ಕನೇ. ನಮ್ಮ ಮನೆ ವಿಟ್ಲದ ಹತ್ತಿರ. ಹೈಸ್ಕೂಲಿಗೆ ಬಂದ ಮೇಲೆ ನಮ್ಮಿಬ್ಬರನ್ನೂ ಮೂಡುಬಿದಿರೆಯಲ್ಲಿ ಮಾವನ ಮನೆಯಲ್ಲಿ ಬಿಟ್ಟಿದ್ದರು. ಮಾವ ಎಂದರೆ ಅಮ್ಮನ ಅಣ್ಣ, ನಮ್ಮಲ್ಲಿ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಶಾಲೆಯಿಂದ ಬರುವ ದಾರಿಯಲ್ಲಿ ಒಬ್ಬರು ಟೈಲರು ತಮ್ಮ ಅಂಗಡಿಯ ಒಳಗೇ ಬಾಡಿಗೆ ಪುಸ್ತಕ ಇಟ್ಟಿದ್ದರು. ಎರಡು ಶೆಲ್ಫು. ಮೇಲಿನದ್ದರಲ್ಲಿ ಕನ್ನಡದವರೇ ಬರೆದ ಕಾದಂಬರಿಗಳು, ಅವುಗಳನ್ನು ಟೀಚರುಗಳು, ಬ್ಯಾಂಕಿನವರ ಹೆಂಡತಿಯರು ಒಯ್ಯುತ್ತಿದ್ದರು. ಕೆಳಗಿನದ್ದು ಅನುವಾದದ ಶೆಲ್ಫು. ಅಲ್ಲಿಗೆ ಬಗ್ಗಬೇಕಿತ್ತು, ಬಗ್ಗಿದರೆ ಬಟ್ಟೆಯ ತುಂಡುಗಳ ರಾಶಿ ಮೊಣಕಾಲಿಗೆ ತಾಗುತ್ತಿತ್ತು. ರಟ್ಟು ಹರಿದ ಪುಸ್ತಕಗಳು. ಬರೆದವರು ಯಾರು, ಕನ್ನಡಕ್ಕೆ ತಂದವರು ಯಾರು ಎಂಬ ಪುಟ ಹೆಚ್ಚಿನವುಗಳಲ್ಲಿ ಇರಲಿಲ್ಲ. ಒಳಗೆ ಮಾತ್ರ ಕುದುರೆಗಳು, ಶಾಪಗಳು, ಗೋಪುರದಲ್ಲಿ ಸೆರೆಯಾದವರು, ಒಬ್ಬರಿಗಾಗಿ ಒಬ್ಬರು ಸಾಯಲು ತಯಾರಿರುವವರು.

ಅನುವಾದವೇ ಯಾಕೆ ಬೇಕಿತ್ತು ಎಂದು ಈಗ ಯೋಚಿಸಿದರೆ ಮೊದಲು ಹೊಳೆಯುವುದು ಆ ಪುಸ್ತಕಗಳ ಕನ್ನಡ. ನಮ್ಮ ಮನೆಮಾತು ತುಳು. ಕನ್ನಡವೆಂದರೆ ಶಾಲೆಯದ್ದು, ಪಂಚಾಯತ್ ಆಫೀಸಿನದ್ದು. ಬೆಂಗಳೂರಿನವರು ನಾವು ಮಾತಾಡುವುದನ್ನು ಕೇಳಿ ಪುಸ್ತಕ ಓದಿದ ಹಾಗಿದೆ ಎಂದು ನಗುತ್ತಾರೆ. ಆ ಶೆಲ್ಫಿನ ರಾಜಕುಮಾರರೂ ಹಾಗೆಯೇ, ನಮ್ಮ ಹೆಡ್‌ಮಾಸ್ಟ್ರ ಹಾಗೆ, ಒಂದೊಂದೇ ಶಬ್ದ ಜೋಡಿಸಿ ಮಾತಾಡುತ್ತಿದ್ದರು. ಬೇರೆಯವರಿಗೆ ಅದು ಒಣಕಲು ಅನುವಾದ. ನಮಗೆ ಅದು ಸರಿಯಾದ ಕನ್ನಡ. ತುಳುವಿನಲ್ಲಿ ನಾವು ಜಗಳವಾಡುತ್ತೇವೆ, ದನ ಕರೆಯುತ್ತೇವೆ, ಊಟ ಆಯಿತಾ ಎಂದು ಕೇಳುತ್ತೇವೆ. ಪ್ರೀತಿಸುತ್ತೇನೆ ಎಂದು ಯಾರಾದರೂ ಯಾರಿಗಾದರೂ ತುಳುವಿನಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅದಕ್ಕೆ ಕನ್ನಡವೇ ಆಗಬೇಕಿತ್ತು, ಅದೂ ಎಲ್ಲಿಂದಲೋ ಬಂದ ಕನ್ನಡ.

ಮಾವನ ಮನೆಯ ಹಿಂದಿನ ಕಲ್ಲಿನಲ್ಲಿ ಪಾತ್ರೆ ತೊಳೆಯುವಾಗ ಅಕ್ಕ ಅದೇ ಕನ್ನಡದಲ್ಲಿ ಶುರುಮಾಡುತ್ತಿದ್ದಳು.

“ಮಾನ್ಯ ರಾಜಕುಮಾರಿಯೇ, ಸೌಟನ್ನು ಇತ್ತ ನೀಡು. ಇಲ್ಲವಾದರೆ ಪ್ರಾಣವನ್ನು ನೀಡು.”

“ಪ್ರಾಣವನ್ನೇ ನೀಡುವೆನು, ಈ ಸೀದ ತಪ್ಪಲೆಯನ್ನು ಮಾತ್ರ ನೀನೇ ತೊಳೆ.”

ಅತ್ತೆ ಒಳಗಿನಿಂದ ತುಳುವಿನಲ್ಲಿ ಬೈಯುತ್ತಿದ್ದರು.

ಇನ್ನೊಂದು ಕಾರಣ, ಆ ಪುಸ್ತಕಗಳಲ್ಲಿ ಯಾರೂ ಬಳಿ ಕೇಳುತ್ತಿರಲಿಲ್ಲ. ಬಳಿ ಎಂದರೆ ತಾಯಿಯಿಂದ ಬರುವ ಕುಲ. ಹುಡುಗನದ್ದೂ ಹುಡುಗಿಯದ್ದೂ ಒಂದೇ ಬಳಿಯಾದರೆ ಅಣ್ಣತಂಗಿಯರ ಲೆಕ್ಕ, ಮಾತು ಅಲ್ಲಿಗೇ ಮುಗಿಯಿತು. ಬೇಟೆಗಾರ ಎದುರು ಸಿಕ್ಕಿದ ಕೂಡಲೇ ನಿನ್ನದು ಯಾವ ಬಳಿ ಎಂದು ರಾಜಕುಮಾರಿ ಕೇಳದೆ ಇರುವುದು ನಮಗೆ ಅವನ ಮಾಯದ ಕತ್ತಿಗಿಂತ ದೊಡ್ಡ ಸೋಜಿಗವಾಗಿತ್ತು.

ಎಲ್ಲವೂ ಅರ್ಥವಾಗುತ್ತಿತ್ತು ಎಂದಲ್ಲ. ಒಂದು ಕಾದಂಬರಿಯಲ್ಲಿ ರಾಜ ಸಾಯುತ್ತಾನೆ. ಸಿಂಹಾಸನ ತನ್ನದು ಎನ್ನುತ್ತಾಳೆ ಮಗಳು. ತನ್ನದು ಎನ್ನುತ್ತಾನೆ ರಾಜನ ತಂಗಿಯ ಮಗ. ನಾವಿಬ್ಬರೂ ತಂಗಿಯ ಮಗನ ಕಡೆ. ನಮ್ಮಲ್ಲಿ ಹಿಂದಿನಿಂದಲೂ ಮಾವನದ್ದು ಅಳಿಯನಿಗೆ, ಅಪ್ಪನದ್ದಕ್ಕೆ ಮಕ್ಕಳು ಕೈಯೊಡ್ಡುವ ಹಾಗಿರಲಿಲ್ಲ. ಎಂಥ ಆಸೆಬುರುಕಿ ಇವಳು, ಅತ್ತೆಯ ಮಗನ ಪಾಲು ನುಂಗಲು ಹೊರಟಿದ್ದಾಳೆ ಎಂದು ಅಕ್ಕ ರಾಜಕುಮಾರಿಗೆ ಬೈದದ್ದೇ ಬೈದದ್ದು. ಇನ್ನೂರು ಪುಟ ಕಳೆದ ಮೇಲೆ ಆ ಅಳಿಯ ಒಂದು ಇಡೀ ಹಳ್ಳಿಗೆ ಬೆಂಕಿ ಇಟ್ಟ. ಖಳನಾಯಕ ಅವನೇ ಎಂದು ನಮಗೆ ಗೊತ್ತಾದದ್ದು ಆಗ. ಅಕ್ಕ ಪುಸ್ತಕ ಮಡಚಿ, “ಮೊದಲಿನಿಂದ ಓದುವ ಮಾರಾಯ್ತಿ, ಎಲ್ಲ ತಲೆಕೆಳಗಾಗಿದೆ” ಎಂದಳು. ಮೊದಲಿನಿಂದ ಓದಿದೆವು ಕೂಡ.

ಅವಳು ಮೊದಲನೇ ಪಿ.ಯು.ಸಿ.ಯಲ್ಲಿ ಇದ್ದಾಗ ಇಲಿಜ್ವರ ಬಂತು. ಐದು ದಿನ. ನನಗೆ ಹದಿನೈದು. ನಾನು ಅಳಲಿಲ್ಲ. ಬಂದವರೆಲ್ಲ ಹುಡುಗಿ ಗಟ್ಟಿ ಉಂಟು ಎಂದರು. ಗಟ್ಟಿಯೂ ಇಲ್ಲ ಎಂಥದ್ದೂ ಇಲ್ಲ, ಒಳಗೆ ಏನೂ ಇರಲಿಲ್ಲ ಅಷ್ಟೇ. ಹಲ್ಲು ಕೀಳಿಸಿ ಬಂದ ಮೇಲೆ ಕೆನ್ನೆ ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಅನಿಸುತ್ತದಲ್ಲ, ಹಾಗೆ. ಅದು ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ಪಿ.ಯು.ಸಿ. ಮುಗಿಯಿತು, ಡಿಗ್ರಿ ಮುಗಿಯಿತು, ಕೆಲಸಕ್ಕೆ ಸೇರಿದೆ, ಅಪ್ಪ ತೀರಿಹೋದರು. ಎಲ್ಲವೂ ಆಚೆ ಮನೆಯಲ್ಲಿ ಆಗುತ್ತಿದ್ದ ಹಾಗಿತ್ತು.

ಓದುವುದನ್ನು ಮಾತ್ರ ಬಿಡಲಿಲ್ಲ. ಟೈಲರು ಅಂಗಡಿ ಮುಚ್ಚುವಾಗ ಕೆಳಗಿನ ಶೆಲ್ಫಿನ ಪುಸ್ತಕಗಳನ್ನು ನನಗೇ ಕೊಟ್ಟರು, ರದ್ದಿಗೆ ಹಾಕುವುದರ ಬದಲು. ಈಗ ಫೋನಿನಲ್ಲೂ ಸಿಗುತ್ತವೆ. ಚೀನಾದ್ದು, ಕೊರಿಯಾದ್ದು, ದಿನಕ್ಕೊಂದು ಅಧ್ಯಾಯ. ಕೆಲವನ್ನು ಮನುಷ್ಯರೇ ಕನ್ನಡಕ್ಕೆ ತಂದಿರುತ್ತಾರೆ, ಕೆಲವನ್ನು ಯಂತ್ರ ತಂದಿರುತ್ತದೆ. ಯಂತ್ರದ್ದರಲ್ಲಿ ಚಕ್ರವರ್ತಿಯ ಹೆಂಡತಿ ಒಂದು ಸಾಲಿನಲ್ಲಿ ಅವಳು, ಇನ್ನೊಂದರಲ್ಲಿ ಅವನು. ನಾನು ಅದನ್ನೂ ಓದುತ್ತೇನೆ. ನನಗೆ ಬೇಕಾದದ್ದು ಇಷ್ಟೇ: ಆ ಪುಸ್ತಕಗಳಲ್ಲಿ ಯಾರಿಗೆ ಏನು ಅನಿಸಿತು ಎಂದು ಬಾಯಿಬಿಟ್ಟು ಬರೆದಿರುತ್ತಾರೆ. ಅವಳ ಎದೆ ನಡುಗಿತು. ಅವಳ ಕಣ್ಣೀರು ನಿಲ್ಲಲಿಲ್ಲ. ಸರಿ, ಇಂಥ ಕಡೆ ಹೀಗೆ ಅನಿಸಬೇಕು ಎಂದು ನಾನು ತಿಳಿದುಕೊಳ್ಳುತ್ತೇನೆ. ಎಲ್ಲೋ ಯಾರೋ ಪಟ್ಟ ದುಃಖ, ಇನ್ಯಾರೋ ಅದನ್ನು ಕನ್ನಡಕ್ಕೆ ತಂದು, ಕೊನೆಗೆ ನನ್ನ ಕೈಗೆ. ಶಾಲೆಯಲ್ಲಿ ಅಕ್ಕನ ಹಳೇ ಯೂನಿಫಾರ್ಮನ್ನು ಹಾಕಿಕೊಂಡೇ ಬೆಳೆದವಳು ನಾನು. ನನಗೆ ಅಂಥದ್ದೇ ಸರಿಯಾಗಿ ಕೂರುತ್ತದೆ.

ಆಟಿಯಲ್ಲಿ ಒಂದು ದಿನ ನಾವು ಸತ್ತವರಿಗೆ ಎಲೆ ಹಾಕಿ ಬಡಿಸುತ್ತೇವೆ. ನಮ್ಮ ಮನೆಯಲ್ಲಿ ಮೂರು ಎಲೆ. ಅಜ್ಜಿಗೆ, ಅಪ್ಪನಿಗೆ, ಅಕ್ಕನಿಗೆ. ಕೋಳಿ, ಮೀನು, ಅನ್ನ, ಎಲ್ಲರಿಗೂ ಮಾಡಿದ್ದೇ ಅವರಿಗೂ. ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು, ಸ್ವಲ್ಪ ಹೊತ್ತು ಅವರನ್ನು ಅವರಷ್ಟಕ್ಕೆ ಬಿಡಬೇಕು. ನಾನು ಆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ. ಅಕ್ಕ ಒಳಗಿದ್ದಾಳೆ ಎಂದು ವರ್ಷಕ್ಕೆ ಕಾಲು ಗಂಟೆ ಅಂದುಕೊಳ್ಳುವುದು ನನಗೆ ಸಾಕಾಗಿತ್ತು.

ನನಗೆ ಬಂದ ಸಂಬಂಧಗಳು ಒಂದೊಂದಾಗಿ ತಪ್ಪಿಹೋದ ಮೇಲೆ ಅಮ್ಮ ಜೋಯಿಸರ ಹತ್ತಿರ ಹೋದರು. ಮನೆಯಲ್ಲಿ ದೊಡ್ಡವಳು ಹಾಗೇ ಉಳಿದಿದ್ದಾಳೆ, ಅವಳದ್ದು ಆಗದೆ ಚಿಕ್ಕವಳದ್ದು ಆಗುವುದಿಲ್ಲ ಎಂದರಂತೆ. ನನಗೆ ಸಿಟ್ಟು ಬಂತು. ನನ್ನ ಮದುವೆ ಆಗದ್ದಕ್ಕೆ ಬಂದ ಗಂಡುಗಳನ್ನು ನೋಡಿದರೆ ಸಾಕಲ್ಲ, ಅಕ್ಕನ ಹೆಸರು ಯಾಕೆ ಎಂದು ಕೇಳಿದೆ. ಅಮ್ಮ ನೆಂಟರಿಗೆಲ್ಲ ಹೇಳಿಟ್ಟರು. ಮಡಂತ್ಯಾರಿನ ನಮ್ಮ ನೆಂಟರೊಬ್ಬರು ಬೆಳ್ತಂಗಡಿ ಕಡೆಯ ಒಂದು ಮನೆಯ ಸುದ್ದಿ ತಂದರು, ಅಲ್ಲೂ ಒಬ್ಬ ಹುಡುಗ ಹಾಗೇ ಉಳಿದಿದ್ದನಂತೆ.

ಹೆಣ್ಣು ನೋಡಲು ಎಂದು ಅವರು ಒಂದು ಭಾನುವಾರ ಬೆಳಿಗ್ಗೆ ಬಂದರು. ಹುಡುಗನ ತಾಯಿ ಮತ್ತು ಅವರ ಅಣ್ಣ. ಮೂಡುಬಿದಿರೆಯಿಂದ ಮಾವನೂ ಬಂದಿದ್ದರು. ನೋಡಲು ಹೆಣ್ಣಿಲ್ಲ, ಕಾಲೇಜಿನ ಅರ್ಜಿಗೆಂದು ತೆಗೆಸಿದ್ದ ಒಂದು ಫೋಟೊ ಇತ್ತು. ಅವರ ಹತ್ತಿರ ಹುಡುಗನ ಫೋಟೊವೂ ಇರಲಿಲ್ಲ. ಮೊದಲು ಬಳಿ ಕೇಳಿದರು. ಬೇರೆ ಬೇರೆ, ತೊಂದರೆಯಿಲ್ಲ.

“ಹುಡುಗಿ ಎಲ್ಲಿವರೆಗೆ ಓದಿದ್ದಾಳೆ?” ಎಂದು ಆ ಅಣ್ಣ ಕೇಳಿದರು.

“ಫಸ್ಟ್ ಪಿ.ಯು.ಸಿ. ಕಾಮರ್ಸು” ಎಂದರು ಮಾವ. “ಹುಡುಗ?”

ತಾಯಿಯೇ ಉತ್ತರ ಕೊಟ್ಟರು. “ಜೂನಿಗೆ ಅಂಗನವಾಡಿಗೆ ಸೇರಿಸುವ ಅಂತ ಇತ್ತು.”

ಮಾವ ಬೆರಳು ಮಡಚಿ ಪ್ರಾಯ ಲೆಕ್ಕ ಹಾಕಿದರು. ಇದ್ದಿದ್ದರೆ ಅವನಿಗೆ ಮೂವತ್ತೆಂಟು, ಅಕ್ಕನಿಗೆ ಮೂವತ್ತೈದು. ಹುಡುಗ ಮೂರು ವರ್ಷ ದೊಡ್ಡವನು, ಜೋಡಿ ಸರಿಯಾಗುತ್ತದೆ. ಎಲ್ಲರೂ ಒಪ್ಪಿದರು. ಅಮ್ಮ ನನ್ನ ಕಡೆ ತಿರುಗಿದರು.

“ನೀನು ಹೇಳು. ಅವಳ ಮನಸ್ಸು ನಿನಗೆ ಗೊತ್ತುಂಟು.”

“ಆಗಬಹುದು” ಎಂದೆ. ಮದುವೆ ಕಾಗದದ ಪ್ರೂಫ್ ನೋಡಿ ಹಿಂದೆ ಕೊಡುವಾಗ ಇದೇ ಮಾತು ಹೇಳುತ್ತೇನೆ.

ಅವರು ಹೋದ ಮೇಲೆ ಮಾವ ಚಾ ಕುಡಿಯುತ್ತಾ, “ಇನ್ನು ಅವಳ ಎಲೆ ಅಲ್ಲಿ. ಇಲ್ಲಿ ಎರಡೇ” ಎಂದರು. ನನಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದ ಕುಲೆ ಗಂಡನ ಮನೆಗೆ ಹೋಗುತ್ತದೆ, ಆಮೇಲೆ ಅದಕ್ಕೆ ಬಡಿಸುವುದು ಅವರೇ. ಅಕ್ಕನನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ಇದನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಅದು ಮಾತಾಗಿ ಇರಲಿಲ್ಲ. ಮದುವೆಗೆ ನಾಲ್ಕು ವಾರವಿತ್ತು. ಬೇಡ ಎಂದಿದ್ದರೆ ಅಮ್ಮ ಬಿಡುತ್ತಿದ್ದರು. ನಾನು ಬಸ್ಸಿನಲ್ಲಿ ಬಿ.ಸಿ. ರೋಡಿಗೆ ಹೋಗಿ ಬರುತ್ತಾ ಅರಮನೆಯ ಗೋಡೆ ಹಾರುವವರ ಕಥೆ ಓದಿದೆ.

ಮದುವೆಯ ದಿನ ಪಕ್ಕದ ಮನೆಯ ಜಗಲಿಗೆ ಶಬ್ದವೆಲ್ಲ ಕೇಳುತ್ತಿತ್ತು. ಎರಡು ಕುರ್ಚಿ ಇಟ್ಟು ಒಂದರ ಮೇಲೆ ಧಾರೆ ಸೀರೆ, ಇನ್ನೊಂದರ ಮೇಲೆ ಪಂಚೆ ಶಾಲು ಇಟ್ಟಿದ್ದರೆಂದು ಅಮ್ಮ ಆಮೇಲೆ ಹೇಳಿದರು. ಸೀರೆಗೆ ಮಲ್ಲಿಗೆ ಮುಡಿಸಿದ್ದು ಅತ್ತೆ. ಮಾವ ಧಾರೆ ಎರೆದು ಕೊಟ್ಟರು. ಯಾರೋ ಜೋಕ್ ಮಾಡಿದರು, ನಗು ಕೇಳಿಸಿತು. ಮದುವೆ ಮನೆ ಎಂದ ಮೇಲೆ ನಗಬೇಕು. ನಾನು ಬೇಟೆಗಾರ ಐದನೇ ಬೆಟ್ಟ ಹತ್ತುವವರೆಗೆ ಓದಿದ್ದೆ. ಓದಿದ್ದನ್ನೇ ಮತ್ತೆ ಓದುತ್ತಿದ್ದೇನೆ ಎಂದು ತಿಳಿಯಲು ಸುಮಾರು ಹೊತ್ತು ಬೇಕಾಯಿತು.

ಊಟದ ಹೊತ್ತಿಗೆ ಹುಡುಗನ ತಾಯಿ ನನಗೆ ಬಟ್ಟಲಲ್ಲಿ ಊಟ ತಂದರು. ಮದುಮಗನ ತಾಯಿ ಬಡಿಸಿಕೊಂಡು ಬರುವುದುಂಟೇ ಎಂದು ನಾನು ಎದ್ದು ನಿಂತೆ. ಅವರು ನನ್ನ ಪಕ್ಕದಲ್ಲೇ ಜಗಲಿಯಲ್ಲಿ ಕೂತರು. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವು, ಕೂರಲು ಕಂಬ ಹಿಡಿಯಬೇಕಾಯಿತು.

“ನಿನ್ನ ಅಕ್ಕ ಹೇಗೆ ಮಗಾ? ನನಗೆ ಯಾರೂ ಹೇಳಲಿಲ್ಲ.”

ನಾನು ಬಟ್ಟಲನ್ನು ಜಗಲಿಯ ಮೇಲೆ ಇಟ್ಟೆ. ಅವರೇ ಮುಂದುವರಿಸಿದರು.

“ಇವನು ಮನೆ ಹಿಂದಿನ ಕೆರೆಗೆ ಬಿದ್ದದ್ದು. ನಾನು ಬಟ್ಟೆ ಒಗೆಯುತ್ತಾ ಇದ್ದೆ, ತಿರುಗಿ ನೋಡುವಾಗ ಇಲ್ಲ. ಇಷ್ಟು ವರ್ಷ ಅಲ್ಲಿ ಒಬ್ಬನೇ ಇದ್ದಾನೆ ಅಂತ ನನಗೆ ಅದೇ ಒಂದು.”

ಆಗ ನನ್ನ ಬಾಯಿಯಿಂದ ಮಾತು ಸರಾಗವಾಗಿ ಬಂತು. “ಅಕ್ಕನಿಗೆ ತುಂಬ ಧೈರ್ಯ, ಅಮ್ಮಾ. ನೀರಿಗೆ ಹೆದರುವವಳೇ ಅಲ್ಲ. ಹೊಳೆ ಎಷ್ಟು ತುಂಬಿದ್ದರೂ ಈಜಿ ಆಚೆ ದಡಕ್ಕೆ ಹೋಗ್ತಿದ್ದಳು. ಯಾರದ್ದಾದರೂ ಕೈ ಹಿಡಿದರೆ ಬಿಡುವವಳಲ್ಲ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಅಷ್ಟು ಸಾಕು ಮಗಾ” ಎಂದು ನನ್ನ ಬೆನ್ನು ಸವರಿದರು. ಸಂಜೆಯ ಮೊದಲೇ ಸೀರೆಯನ್ನೂ ಪಂಚೆಯನ್ನೂ ಒಂದೇ ಹರಿವಾಣದಲ್ಲಿ ಇಟ್ಟುಕೊಂಡು ಅವರ ಜೀಪು ಬೆಳ್ತಂಗಡಿ ಕಡೆಗೆ ಹೊರಟಿತು. ಆಗ ಮಾತ್ರ ನನಗೆ ಗೇಟಿನ ತನಕ ಬರಲು ಹೇಳಿದರು.

ಮೂರನೇ ದಿನ ಕೆಲಸಕ್ಕೆ ಹೊರಟೆ. ಬಸ್ಸು ಪಾಣೆಮಂಗಳೂರಿನ ಸೇತುವೆಗೆ ಬಂತು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಆಗ ನೆನಪಾಯಿತು, ಅಕ್ಕನಿಗೆ ನೀರೆಂದರೆ ಪ್ರಾಣಭಯ. ಮೂಡುಬಿದಿರೆಗೆ ಹೋಗುವಾಗ ಈ ಸೇತುವೆ ಬಂದ ಕೂಡಲೇ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳು. ದಾಟಿತಾ, ದಾಟಿತಾ ಎಂದು ಕೇಳುತ್ತಿದ್ದಳು. ನಾನು ಬೇಕೆಂದೇ ಇನ್ನೂ ಇಲ್ಲ ಎನ್ನುತ್ತಿದ್ದೆ. ಈಜಿ ಆಚೆ ದಡಕ್ಕೆ ಹೋಗುತ್ತಿದ್ದವಳು ಕಾದಂಬರಿಯ ರಾಜಕುಮಾರಿ. ಕೈ ಹಿಡಿದರೆ ಬಿಡದವಳು ಎಂಬುದೂ ಅದೇ ಪುಟದ್ದು, ಹೆಚ್ಚುಕಡಿಮೆ ಅವವೇ ಶಬ್ದಗಳು.

ನನಗೆ ಹೆದರಿಕೆಯಾಯಿತು. ಹದಿನೆಂಟು ವರ್ಷದಲ್ಲಿ ನನಗೆ ಸರಿಯಾಗಿ ಆದದ್ದು ಅದೊಂದೇ ಎನ್ನಬಹುದು. ಅಂಗಡಿಯಲ್ಲಿ ಕೂತು ಅಕ್ಕನ ಬಗ್ಗೆ ನನಗೆ ಏನೇನು ಗೊತ್ತುಂಟು ಎಂದು ಒಂದೊಂದಾಗಿ ಹೊರಗೆ ತೆಗೆದು ನೋಡಿದೆ. ನನ್ನ ಮನಸ್ಸಿನಲ್ಲಿದ್ದ ಅಕ್ಕನಿಗೆ ಸೊಂಟದವರೆಗೆ ಕೂದಲು, ಫೋಟೊದಲ್ಲಿ ಭುಜಕ್ಕೂ ತಾಗದ ಎರಡು ಜಡೆ. ಅವಳು ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು ಎಂದು ನನ್ನ ನೆನಪು. ನಮ್ಮ ಮನೆಯಲ್ಲಿ ಹಾಗೆ ಯಾರು ನಗುತ್ತಾರೆ? ಅವಳ ಧ್ವನಿ ಕಿವಿಯಲ್ಲಿ ಉಂಟು, ಆದರೆ ಆ ಧ್ವನಿ ಪುಸ್ತಕದ ಕನ್ನಡದಲ್ಲೇ ಮಾತಾಡುತ್ತದೆ, ತುಳುವಿನಲ್ಲಿ ಒಂದು ಮಾತೂ ಆಡುವುದಿಲ್ಲ. ಅವಳು ಹೋದ ಮೇಲೆ ಅವಳಿಗಾಗಿಯೇ ಓದುತ್ತಿದ್ದೇನೆ ಎಂದು ತಿಳಿದಿದ್ದೆ. ಓದಿ ಓದಿ ಅವಳನ್ನು ಅಳಿಸಿ ಆ ಜಾಗದಲ್ಲಿ ಬೇರೆಯವರನ್ನು ಕೂರಿಸಿದ್ದೆ. ಆ ತಾಯಿಗೆ ನಾವು ಕೊಟ್ಟು ಕಳಿಸಿದ ಹೆಣ್ಣು ಯಾವುದು ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಫೋನ್ ಮಾಡಿ ಹೇಳುವ ಎಂದು ಎರಡು ಸಲ ನಂಬರು ತೆಗೆದು ಹಾಗೇ ಇಟ್ಟೆ. ಅಮ್ಮನಿಗೂ ಹೇಳಲಿಲ್ಲ.

ನನ್ನ ಮದುವೆ ಅದರಿಂದ ಆಯಿತೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ.

ಮುಂದಿನ ಆಟಿಯಲ್ಲಿ ಅಮ್ಮ ಎರಡೇ ಎಲೆ ಕೊಯ್ದು ತಂದರು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವಾಗ ನನಗೆ ಫೋನ್ ಬಂತು. ಬೆಳ್ತಂಗಡಿಯಿಂದ, ಹುಡುಗನ ತಾಯಿ.

“ಇವತ್ತು ಇಲ್ಲಿಯೂ ಬಡಿಸುವುದು ಮಗಾ. ಅವಳಿಗೆ ಮೊದಲನೇ ವರ್ಷ ಅಲ್ಲವಾ, ಅವಳ ಇಷ್ಟದ್ದು ಮಾಡುವ ಅಂತ. ಎಂತ ತಿಂತಾಳೆ ಅವಳು?”

ನಾನು ಫೋನನ್ನು ಕೈಯಿಂದ ಮುಚ್ಚಿ ಅಮ್ಮನನ್ನು ಕೇಳಿದೆ. ಅಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದರು. “ಕೋರಿ ರೊಟ್ಟಿ” ಎಂದರು. ಆಮೇಲೆ, “ಅಲ್ಲ, ಅದು ನಿನಗಲ್ಲವಾ” ಎಂದರು. ಇಷ್ಟು ವರ್ಷ ಎಲ್ಲರಿಗೂ ಮಾಡಿದ್ದನ್ನೇ ಅವಳಿಗೂ ಬಡಿಸಿ ಬಡಿಸಿ ನಮ್ಮಿಬ್ಬರಿಗೂ ಅದು ಮರೆತುಹೋಗಿತ್ತು. ಏನಾದರೂ ಒಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

“ಗೊತ್ತಿಲ್ಲ ಅಮ್ಮಾ” ಎಂದೆ. “ಮರೆತುಹೋಗಿದೆ.”

ಆಚೆ ಕಡೆ ಹಿಂದೆ ಎಲ್ಲೋ ಮಸಾಲೆ ಕಡೆಯುವ ಶಬ್ದ ಕೇಳುತ್ತಿತ್ತು.

“ನನಗೂ ಇವನದ್ದು ಗೊತ್ತಿಲ್ಲ ಮಗಾ” ಎಂದರು ಅವರು. “ಮೊಸರನ್ನ ಬಿಟ್ಟರೆ ಬೇರೆ ಎಂತ ತಿಂದಿದ್ದಾನೆ? ಈಗ ದೊಡ್ಡವನಲ್ಲವಾ. ಇಬ್ಬರಿಗೂ ಬಂಗುಡೆ ಹಾಕ್ತೇನೆ. ಆದರೆ ಮುಳ್ಳು ಉಂಟಲ್ಲ, ಅವನಿಗೆ ತೆಗೆಯಲು ಬರ್ತದೋ ಇಲ್ಲವೋ.”

“ಅಕ್ಕ ತೆಗೆದುಕೊಡ್ತಾಳೆ” ಎಂದೆ. “ನನಗೆ ತೆಗೆದುಕೊಡ್ತಿದ್ದಳು.”

ಹೇಳಿದ ಮೇಲೆ ಇದು ಎಲ್ಲಿಯದ್ದು ಎಂದು ನನಗೇ ಸಂಶಯ ಬಂದು ಅಮ್ಮನ ಮುಖ ನೋಡಿದೆ.

“ಹೌದು” ಎಂದರು ಅಮ್ಮ ಒಲೆಯ ಹತ್ತಿರದಿಂದ. “ಏಳನೇ ಕ್ಲಾಸಿನ ತನಕ. ನಾನು ಬೈತಿದ್ದೆ.”